ರೈಫಲ್ಲಿನದೋ, ಕೈಯದೋ

ನನ್ನ ಹೆಂಡತಿ ಐವತ್ತೆಂಟನೆಯ ವಯಸ್ಸಿನಲ್ಲಿ ಶಸ್ತ್ರಧಾರಿಣಿಯಾದಳು. ಶಸ್ತ್ರವೆಂದರೆ ಗಾಳಿಯ ಒತ್ತಡದಿಂದ ಸೀಸದ ಪುಟ್ಟ ಗುಂಡು ಹಾರಿಸುವ ಏರ್ ರೈಫಲ್. ಅದಕ್ಕೆ ಲೈಸೆನ್ಸ್ ಬೇಡ, ಗಂಡನ ಅನುಮತಿಯೂ ಬೇಡ. ಡೊಂಬಿವಲಿಯಿಂದ ಅಂಬರನಾಥದ ಕ್ಲಬ್ಬಿಗೆ ಲೋಕಲ್ ರೈಲಿನಲ್ಲಿ ಹೋಗುವಾಗ ಅದರ ಉದ್ದನೆಯ ಚೀಲ ಹೊರುವ ರಾಜಗೌರವ ನನ್ನದು. ಥಾಣೆಯ ಹೋಟೆಲನ್ನು ಮಗನಿಗೆ ಒಪ್ಪಿಸಿದ ಮೇಲೆ ನನಗೆ ಸಿಕ್ಕ ಮೊದಲ ಹುದ್ದೆ ಅದು.

ಅವಳು ಕಲಿತ ಕ್ಲಬ್ಬಿನ ರೈಫಲ್ಲಿಗೆ ದುರ್ಬೀನು ಇತ್ತು. ಅವಳು ಕೊಂಡ ಹೊಸದರಲ್ಲಿ ಹಿಂದೊಂದು ಸೀಳಿರುವ ತಗಡು, ನಳಿಗೆಯ ತುದಿಯಲ್ಲೊಂದು ಕಬ್ಬಿಣದ ಮೊಳೆ, ಇಷ್ಟೇ. ಹೊಸ ರೈಫಲ್ ಹೇಳಿದಲ್ಲಿಗೆ ಹೊಡೆಯುವುದಿಲ್ಲವಂತೆ, ಅದನ್ನು ಪಳಗಿಸಬೇಕು. ಒಂದೇ ಗುರಿಗೆ ಹಲವು ಸಲ ಹೊಡೆದು ನೋಡುವುದು. ತೂತುಗಳು ಗುಂಪಾಗಿ ಬೇರೆಲ್ಲೋ ಬಿದ್ದರೆ ತಪ್ಪು ರೈಫಲ್ಲಿನದು, ಸ್ಕ್ರೂ ತಿರುಗಿಸಿದರಾಯಿತು. ಚೆಲ್ಲಾಪಿಲ್ಲಿಯಾದರೆ ತಪ್ಪು ಕೈಯದು. ಅದಕ್ಕೆ ಸ್ಕ್ರೂ ಇಲ್ಲ.

ಅವಳಿಗೆ ಹೆದರಿಕೆಯಿದ್ದುದು ಈ ತೀರ್ಪಿಗೇ. ಅವಳ ಅಮ್ಮನಿಗೆ ಕೈ ನಡುಗುವ ಕಾಯಿಲೆ ಇತ್ತು. ಕೊನೆಕೊನೆಗೆ ಗಂಜಿಯ ಚಮಚ ಬಾಯಿ ತಲುಪುತ್ತಿರಲಿಲ್ಲ. ರೈಫಲ್ ಕೊಂಡ ತಿಂಗಳೇ ಇವಳ ಕೈಯಲ್ಲಿ ತಟ್ಟೆಯ ಮೇಲಿನ ಲೋಟ ಒಮ್ಮೆ ಕಿಣಿಕಿಣಿ ಎಂದಿತ್ತು. ಇಬ್ಬರೂ ಕೇಳಿಸಿಕೊಂಡೆವು. ಇಬ್ಬರೂ ಫ್ಯಾನಿನ ಸದ್ದಿನ ಬಗ್ಗೆ ಮಾತಾಡಿದೆವು.

ಕ್ಲಬ್ ಇದ್ದುದು ಹಳೆಯ ಕಾರ್ಖಾನೆಯ ಶೆಡ್ಡಿನಲ್ಲಿ. ಕೋಚ್ ಒಬ್ಬಳು ಮರಾಠಿ ಹುಡುಗಿ. ರೈಫಲ್ ಆನಿಸಲು ಮರಳಿನ ಚೀಲ ತಂದಿಟ್ಟಳು. ನನ್ನವಳು ಅದನ್ನು ಪಕ್ಕಕ್ಕೆ ಸರಿಸಿದಳು.

"ನಹೀಂ. ಹಾತ್ ಸೇ." ಚೀಲ ಬೇಡ, ಕೈಯಲ್ಲೇ ಹಿಡಿದು ಹೊಡೆಯುತ್ತಾಳಂತೆ.

ಗುರಿಯ ಮೊದಲ ಕಾರ್ಡು ತಂತಿಯಲ್ಲಿ ಹಿಂದಕ್ಕೆ ಬಂದಾಗ ತೂತುಗಳು ಹುರಿಗಡಲೆ ಚೆಲ್ಲಿದ ಹಾಗಿದ್ದವು. ಅವಳು ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೂತಳು.

"ನೋಡಿದ್ರಲ್ಲ?" ಎಂದಳು.

"ಹೊಸ ರೈಫಲ್ ಮಾರಾಯ್ತಿ. ಅದಕ್ಕೂ ಸ್ವಲ್ಪ ಸಂಕೋಚ ಇರ್ತದೆ."

"ಸಂಕೋಚ ನಿಮ್ಮ ತಲೆ."

ಕೋಚ್ ಆಚೆಯಿಂದ ಕೂಗಿದಳು: "ಆಂಟಿ, ಮಕ್ಖಿ ಸಾಫ್ ಚಾಹಿಯೆ! ಮಕ್ಖಿ ಸಾಫ್ ನಹೀಂ ತೋ ಕುಛ್ ನಹೀಂ!"

ಮಕ್ಖಿ ಎಂದರೆ ನೊಣ; ಅದು ಸಾಫ್ ಆಗದಿದ್ದರೆ ಏನೂ ಇಲ್ಲವಂತೆ. ಅರ್ಧ ಆಯುಷ್ಯ ಹೋಟೆಲ್ ನಡೆಸಿದವನಿಗೆ ಈ ವಾಕ್ಯದ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ತಪಾಸಣೆಗೆ ಬಂದವರೆಲ್ಲ ಇದೇ ಮಂತ್ರ ಹೇಳಿ ಹೋದವರು. ನಾನು ಎದ್ದು ಪೇಪರ್ ಸುರುಳಿ ಸುತ್ತಿ, ಸೇನಾಪತಿಯ ಗಾಂಭೀರ್ಯದಿಂದ ಶೆಡ್ಡನ್ನು ಪರಾಂಬರಿಸಿದೆ. ಮರಳಿನ ಚೀಲದ ಮೇಲೆ ನಿಜಕ್ಕೂ ಒಂದು ಕೂತಿತ್ತು. ಬಾರಿಸಿದೆ.

"ಅಂಕಲ್! ಯೇ ಕ್ಯಾ ಕರ್ ರಹೇ ಹೋ?"

"ಸಾಫ್ ಕರ್ ರಹಾ ಹೂಂ."

ಹುಡುಗಿ ನಕ್ಕು ನಕ್ಕು ಬೆಂಚಿನ ಮೇಲೆ ಕುಸಿದಳು. ಆಮೇಲೆ ಎದ್ದು ಬಂದು ನಳಿಗೆಯ ತುದಿಯ ಮೊಳೆಯನ್ನು ಉಗುರಿನಿಂದ ತಟ್ಟಿದಳು. "ಯೇ ಹೈ ಮಕ್ಖಿ." ಬಂದೂಕಿನವರ ಬಾಯಲ್ಲಿ ಆ ಮೊಳೆಯೇ ನೊಣ. ಕಣ್ಣಿಗೆ ಅದು ಸಾಫಾಗಿ, ಚೂಪಾಗಿ ಕಾಣಬೇಕು. ದೂರದ ಗುರಿ ಮಂಜಾದರೆ ಆಗಲಿ.

"ನಾನು ಇಷ್ಟು ಹೊತ್ತು ಆ ಕರಿ ಚುಕ್ಕೆಯನ್ನೇ ನೋಡ್ತಾ ಇದ್ದದ್ದು," ಎಂದಳು ನನ್ನವಳು. "ದುರ್ಬೀನಲ್ಲಿ ಹಾಗೇ ಅಲ್ವಾ?" ಮತ್ತೆ ನನ್ನ ಕಡೆ ತಿರುಗಿ, "ನೀವು ಆಚೆ ಹೋಗಿ ಕೂತ್ಕೊಳ್ಳಿ. ಮೊದಲು ಆ ಪೇಪರ್ ಕೆಳಗಿಡಿ."

ಕೂತೆ. ಕೂತವನಿಗೆ ಒಂದು ಯೋಚನೆ ಬಂತು: ಇವಳು ಈ ತಿಂಗಳಿಡೀ ನೋಡುತ್ತಿರುವುದೂ ದೂರದ್ದನ್ನೇ, ಅಮ್ಮನ ಆ ಕೊನೆಯ ವರ್ಷಗಳನ್ನು. ಹತ್ತಿರದ ತನ್ನ ಕೈ ಅವಳಿಗೆ ಸರಿಯಾಗಿ ಕಾಣಿಸಿರಲೇ ಇಲ್ಲ. ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾಡಲಿಲ್ಲ. ಬಂದೂಕು ಅವಳ ಬಳಿ ಇತ್ತು.

ಎರಡನೆಯ ಕಾರ್ಡು ಬಂತು. ಕರಿ ವೃತ್ತದಲ್ಲಿ ಒಂದು ತೂತೂ ಇಲ್ಲ. ಎಲ್ಲವೂ ಕೆಳಗೆ, ಎಡಕ್ಕೆ, ಒಂದಕ್ಕೊಂದು ಅಂಟಿಕೊಂಡು ಬಿದ್ದಿದ್ದವು.

"ಮಸ್ತ್ ಗ್ರೂಪ್, ಆಂಟಿ!" ಕೋಚ್ ಸ್ಕ್ರೂಡ್ರೈವರ್ ತೆಗೆದಳು. "ಪೀಛೇವಾಲಾ ಥೋಡಾ ಊಪರ್, ಥೋಡಾ ರೈಟ್. ಬಸ್." ಹಿಂದಿನ ತಗಡನ್ನು ತುಸು ಮೇಲಕ್ಕೆ, ತುಸು ಬಲಕ್ಕೆ ಸರಿಸಿದರೆ ಮುಗಿಯಿತು.

ನನ್ನವಳು ರೈಫಲ್ಲಿನ ಮೇಲೆ ಅಂಗೈ ಇಟ್ಟಳು.

"ರುಕೋ. ಏಕ್ ಕಾರ್ಡ್ ಔರ್. ಐಸಾಚ್." ಹೀಗೇ ಇನ್ನೊಂದು ಕಾರ್ಡು, ಸ್ಕ್ರೂ ಮುಟ್ಟದೆ.

"ಫಿರ್ ಸೇ ಗಲತ್ ಜಗಾ ಜಾಯೇಗಾ, ಆಂಟಿ." ಮತ್ತೆ ತಪ್ಪು ಜಾಗಕ್ಕೇ ಹೋಗುತ್ತದಲ್ಲ ಎಂಬುದು ಹುಡುಗಿಯ ಚಿಂತೆ.

"ಜಾನೇ ದೋ." ಹೋದರೆ ಹೋಗಲಿ.

ಕೋಚ್ ನನ್ನ ಮುಖ ನೋಡಿದಳು. ನಾನು ಶೆಡ್ಡಿನ ತಗಡಿನ ಮಾಡು ನೋಡಿದೆ.

ಹೊಸ ಕಾರ್ಡು ಹೋಯಿತು, ಬಂತು. ಕೆಳಗೆ, ಎಡಕ್ಕೆ, ಅದೇ ತಪ್ಪು ಜಾಗದಲ್ಲಿ, ಒತ್ತೊತ್ತಾಗಿ. ಅವಳು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇನ್ನು ಸ್ಕ್ರೂ ತಿರುಗಿಸ್ಲಿಕ್ಕೆ ಹೇಳಿ ಅವಳಿಗೆ," ಎಂದಳು.