ಪರಸಿಯಿಂದ ಉದುರಿದ ಇಪ್ಪತ್ಮೂರು ಮಂದಿ

ಮಾನ್ವಿಯ ದಸ್ತಗೀರ್ ಸಾಬರು ನಲವತ್ತು ವರ್ಷ ಕಲ್ಲಿನಲ್ಲಿ ಮಂದಿಯ ಹೆಸರು ಕೆತ್ತಿದರು. ರಾಯಚೂರಿನ ವಕೀಲರ ಬಾಗಿಲಿನಿಂದ ದೇವದುರ್ಗದ ಗೋರಿಗಳವರೆಗೆ ಅವರ ಉಳಿ ಆಡದ ಜಾಗವಿರಲಿಲ್ಲ. ತಮಾಷೆಯೆಂದರೆ ಸಾಬರಿಗೆ ಓದು ಬಾರದು. ಯಾರಾದರೂ ಸೀಮೆಸುಣ್ಣದಲ್ಲಿ ಬರೆದುಕೊಟ್ಟರೆ ಅದರ ಮೇಲೆಯೇ ಕೆತ್ತುವರು. ಸತ್ತವನ ಹೆಸರೋ ಮನೆ ಕಟ್ಟಿದವನ ಹೆಸರೋ, ಅವರಿಗೆ ಎರಡೂ ಒಂದೇ. ಓದಲು ಬರೆಯಲು ಬರುತ್ತಿದ್ದದ್ದು ತಮ್ಮ ಹೆಸರು, ಊರು ಎರಡೇ, ಅವನ್ನೂ ಹೆಂಡತಿ ರಂಜಾನಬಿ ಬೈದು ಬೈದು ಕಲಿಸಿದ್ದು.

1973ರಲ್ಲಿ ಅಕ್ಕಿ ಗಿರಣಿಯ ದೊಡ್ಡಪ್ಪನವರು ತೀರಿಹೋದ ತಾಯಿ ಬಸವಂತಮ್ಮನ ನೆನಪಿಗೆ ಮಸರಕಲ್ ಕ್ರಾಸಿನಲ್ಲಿ, ಬಸ್ಸಿಗೆ ಕಾಯುವವರಿಗೆಂದು ಒಂದು ನೆರಳು ಕಟ್ಟಿಸಿದರು. ಆ ಮುದುಕಿ ಅದೇ ಕ್ರಾಸಿನ ಬಿಸಿಲಿನಲ್ಲಿ ನಿಂತು ನಿಂತು ಬಸ್ಸುಗಳಿಗೆ ಶಾಪ ಹಾಕಿದವಳು. ಹೆಸರು ಕೆತ್ತಲು ಸಾಬರು ಕರಿಕಲ್ಲು ತೋರಿಸಿದರೆ ದೊಡ್ಡಪ್ಪನವರು ಮೂಗು ಮುರಿದರು.

“ನಮ್ಮವ್ವನ ಹೆಸರು ಬೀಸೋ ಕಲ್ಲಿನ ಮ್ಯಾಲ ಬರಸ್ಲೇನು? ನುಣ್ಣಗ ಇರೋ ಶಹಾಬಾದ್ ಪರಸಿ ಕಲ್ಲು ಹಾಕು.”

“ಅದು ಪದರಿನ ಕಲ್ಲು ಅದರೀ ಸಾವ್ಕಾರ್ರ. ಹಿಂಗ ನೆಟ್ಟಗ ನಿಲ್ಲಿಸಿದ್ರ ಪದರಿನಾಗ ಮಳಿ ನೀರು ಇಳೀತದ. ಮ್ಯಾಲ ನಮ್ಮ ಬಿಸಲು ಬ್ಯಾರೆ.”

“ಕಲ್ಲಿಗೂ ಜ್ವರ ಬರ್ತಾವೇನೋ?”

ಪರಸಿ ಬಂತು. ಬಸವಂತಮ್ಮನ ಕೆಳಗೆ ದೊಡ್ಡಪ್ಪ, ತಮ್ಮಂದಿರು, ಸೊಸೆಯರು, ಅಳಿಯಂದಿರು, ಇನ್ನೂ ಹಾಲು ಕುಡಿಯುತ್ತಿದ್ದ ಮೊಮ್ಮಗ, ಎಲ್ಲ ಸೇರಿ ಇಪ್ಪತ್ಮೂರು ಹೆಸರು. ಕೆತ್ತಿದವರ ಹೆಸರಿಗೆ ಬೆರಳಗಲ ಜಾಗ ಉಳಿಯಲಿಲ್ಲ. ಸಾಬರು ಸಿಟ್ಟಿಗೆದ್ದು, ಪರಸಿಯ ಬುಡಕ್ಕೆ ಕೂಡಿಸಿದ್ದ ಕರಿಕಲ್ಲಿನ ಮೇಲೆ ‘ದಸ್ತಗೀರ್ ಸಾಬ್, ಮಾನ್ವಿ’ ಎಂದು ಕೆತ್ತಿ ಬಂದರು. ಅವರು ತಮ್ಮ ಹೆಸರನ್ನು ಕೆತ್ತಿಕೊಂಡದ್ದು ಅದೊಂದೇ ಸಲ.

ಆಮೇಲೆ ಬಿಸಿಲು, ಮಳೆ ತಮ್ಮ ಕೆಲಸ ಹಿಡಿದವು. ಮುಟ್ಟಿದರೆ ಬೊಬ್ಬೆ ಏಳುವಂತೆ ಕಾದ ಪರಸಿಯ ಮೇಲೆ ಮೊದಲ ಮಳೆ ಚುರ್ ಎಂದು ಬೀಳುವುದು. ಕಾದಾಗ ಹಿಗ್ಗಿ, ತಣಿದಾಗ ಕುಗ್ಗಿ, ವರ್ಷದಿಂದ ವರ್ಷಕ್ಕೆ ಪದರು ಸಡಿಲವಾಯಿತು. ಮೊದಲು ಉದುರಿದವರು ಅಳಿಯಂದಿರು. ಮೂರು ಮಳೆಗಾಲದ ನಂತರ ತಮ್ಮಂದಿರು ಹೋದರು. 1985ರ ಹೊತ್ತಿಗೆ ದೊಡ್ಡಪ್ಪನವರೂ ಹಪ್ಪಳದಂತೆ ಎದ್ದು ಬಿದ್ದರು. ಕೊನೆಗೆ ಬಸವಂತಮ್ಮನೂ ಉಳಿಯಲಿಲ್ಲ. ಬುಡದ ಕರಿಕಲ್ಲು ಮಾತ್ರ ಇದ್ದಂತೆಯೇ ಇತ್ತು. ಮಂದಿ ಅದನ್ನೇ ಓದಿ, ದಸ್ತಗೀರ್ ಸಾಬ್ ಎಂಬ ಪುಣ್ಯಾತ್ಮ ಕಟ್ಟಿಸಿದ ನೆರಳು ಇದು ಎಂದು ಹರಸತೊಡಗಿದರು.

ಸುದ್ದಿ ಗಿರಣಿ ಮುಟ್ಟಿತು. ದೊಡ್ಡಪ್ಪನವರು ಸಾಬರನ್ನು ಜೀಪಿಗೆ ಹಾಕಿಕೊಂಡು ಕ್ರಾಸಿಗೇ ಬಂದರು.

“ನೆಳ್ಳು ನಮ್ಮವ್ವಂದು, ಪುಣ್ಯಾ ನಿನಗ! ಕಳ್ಳ ಅದೀ ನೀ!”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪರಸಿ ಆರಿಸಿದವರು ಯಾರು ಎಂದು ಸಾಬರು ಕೇಳಬಹುದಿತ್ತು. ಆದರೆ ‘ಕಳ್ಳ’ ಎಂಬ ಮಾತು ನಾಟಿತ್ತು. ಸತ್ತ ಮುದುಕಿಯ ಪುಣ್ಯ ನುಂಗಿ ದಕ್ಕಿಸಿಕೊಳ್ಳುವುದೂ ಅವರಿಂದಾಗದು.

“ಈ ಕರಿಕಲ್ಲಿನ ಮ್ಯಾಲೇ ಕೆತ್ತಿಕೊಡ್ತೀನ್ರಿ. ಜಾಗ ಮಾತ್ರ ಒಂದ ಹೆಸರಿಗೆ ಅದ.”

ದೊಡ್ಡಪ್ಪನವರು ಇಪ್ಪತ್ಮೂರು ಮಂದಿಯನ್ನು ಮನಸ್ಸಿನಲ್ಲೇ ತೂಗಿದರು. ತಮ್ಮ ಹೆಸರಿನ ಹತ್ತಿರ ಸ್ವಲ್ಪ ಹೊತ್ತು ನಿಂತರು.

“ಅವ್ವಂದ ಇರಲಿ,” ಎಂದರು. “ಮೊದಲ ನಿಂದು ಅಳಸು.”

ಸಾಬರು ಉಳಿ ಹಿಡಿದರು. ‘ದ’ ಒಂದೇ ಅರ್ಧ ಗಂಟೆ ತಿಂದಿತು. ಹಾಳು ಕಲ್ಲು ಅಷ್ಟು ಗಟ್ಟಿ. ಅಷ್ಟರಲ್ಲಿ ಜಾಲಹಳ್ಳಿ ಬಸ್ಸಿಗೆಂದು ಬಂದ ಗದ್ದೆಮ್ಮನೆಂಬ ಮುದುಕಿ ಬುಟ್ಟಿ ಇಳಿಸಿ ಮೈಮೇಲೆ ಏರಿ ಬಂದಳು.

“ಏ ಮುದುಕಾ, ನಿನ್ನ ಕೈಗೆ ಹುಳಾ ಬೀಳಲಿ! ಬಿಸಲಾಗ ಸಾಯೋರಿಗೆ ನೆಳ್ಳು ಕೊಟ್ಟ ಪುಣ್ಯಾತ್ಮನ ಹೆಸರು ಯಾಕ ಕೆಡಸಾಕತ್ತಿ?”

ದೊಡ್ಡಪ್ಪನವರು ಬಾಯಿ ತೆರೆದರು. ಅವರಿಗಿಂತ ಮೊದಲು ಸಾಬರು, ಮುಖ ಎತ್ತದೆ, ಹೇಳಿದರು.

“ಅಂವನೇ ಅಳಸು ಅಂದಾನ ಯವ್ವಾ. ಹೆಸರು ಬ್ಯಾಡಂತ.”

ಗದ್ದೆಮ್ಮ ಕಲ್ಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

“ಹೆಸರೂ ಬ್ಯಾಡ ಅಂದನಾ? ಹಂಗಾರ ಅಂವ ಖರೇನ ದೊಡ್ಡ ಮನಷ್ಯಾ ಬಿಡಪ್ಪಾ.”

ದೊಡ್ಡಪ್ಪನವರು ಜೀಪಿಗೆ ಹೋಗಿ ಕುಳಿತರು. ಸಾಬರಿಗೆ ಹುಟ್ಟಿದಾಗಿನಿಂದ ಯಾರೂ ಅಂದಿರದ ಮಾತು ಅದು. ಖುಷಿಯೂ ಆಯಿತು, ಅಳುವೂ ಬಂತು. ಅವರು ‘ಸ್ತ’ದ ಮೇಲೆ ಉಳಿಯಿಟ್ಟರು.