ಪ್ಲಗ್ ನನ್ನ ಕೈಯಲ್ಲಿದ್ದಾಗ

ಇಂಥ ಕತೆ ಹೇಳುವವರ ಮುಂದೆ ಮೊದಲು ನಗುತ್ತಿದ್ದವನು ನಾನೇ. ಖಾಲಿ ಕ್ಯಾಸೆಟ್ಟಿನಲ್ಲಿ ಸತ್ತ ಅಜ್ಜನ ದನಿ ಕೇಳಿತೆಂದು ಯಾರಾದರೂ ಅಂಗಡಿಗೆ ಬಂದರೆ, ಟೇಪಿನ ಹೆಡ್ ಕ್ಲೀನ್ ಮಾಡಿಸಿ, ಸರಿಯಾಗುತ್ತದೆ ಎಂದು ಕಳಿಸುತ್ತಿದ್ದೆ. ಕರೆಂಟಿಲ್ಲದೆ ಸ್ಪೀಕರ್ ಮಾತಾಡುವುದಿಲ್ಲ. ನನ್ನ ವಿದ್ಯೆಯೆಲ್ಲ ನಿಂತದ್ದು ಅಷ್ಟರ ಮೇಲೆ. ಈಗಲೂ ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಅದಕ್ಕೇ ಆ ಮಧ್ಯಾಹ್ನ ನೆನಪಾದರೆ ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬರುತ್ತದೆ.

ಎಂಬತ್ತರ ದಶಕದ ಆರಂಭ. ಮಂಗಳೂರಿನ ಫಳ್ನೀರಿನಲ್ಲಿ ನನ್ನದೂ ಹಂಝನದೂ ಸೇರಿ ಒಂದು ರೆಕಾರ್ಡಿಂಗ್ ಅಂಗಡಿ ಇತ್ತು. ನಮ್ಮದು ಹೋಟೆಲಿನ ಮನೆತನ. ಗಲ್ಲಾದಲ್ಲಿ ಕೂರುವುದು ಬಿಟ್ಟು ವಯರಿಗೆ ಬೆಸುಗೆ ಹಾಕುತ್ತಾ ಕೂತಿದ್ದಾನೆಂದು ಅಪ್ಪ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿರಲಿಲ್ಲ. ಹಂಝ ವ್ಯಾಪಾರಸ್ಥ ಬ್ಯಾರಿಗಳ ಮನೆಯವನು, ನನ್ನ ಜತೆಗೇ ರೇಡಿಯೋ ರಿಪೇರಿ ಕಲಿತವನು. ಯಂತ್ರ ಕಟ್ಟುವುದು ನನ್ನ ಕೆಲಸ, ಕಿವಿ ಅವನದು. ಹಾಡು, ಭಜನೆ ಎಲ್ಲ ರೆಕಾರ್ಡ್ ಮಾಡುತ್ತಿದ್ದೆವು, ಆದರೆ ಅಂಗಡಿ ನಡೆಯುತ್ತಿದ್ದದ್ದು ಗಲ್ಫಿಗೆ ಹೋಗುವ ಕ್ಯಾಸೆಟ್ಟುಗಳಿಂದ. ಆಗ ಕಾಗದ ಬರೆಯುವ ಬದಲು ಕ್ಯಾಸೆಟ್ಟಿನಲ್ಲೇ ಮಾತಾಡಿ ಕಳಿಸುವ ರೂಢಿ ಇತ್ತು. ತಾಯಂದಿರು, ಹೆಂಡಂದಿರು ಬಂದು ಮೈಕಿನ ಮುಂದೆ ಕೂರುತ್ತಿದ್ದರು. ನಾವು ಬಟನ್ ಒತ್ತಿ, ಬಾಗಿಲು ಎಳೆದುಕೊಂಡು, ಹೊರಗೆ ಬಂದು ನಿಲ್ಲುತ್ತಿದ್ದೆವು.

ಆ ವರ್ಷ ಹಂಝನಿಗೇ ವೀಸಾ ಬಂತು. ಅಕ್ಕನ ಗಂಡ ಕಳಿಸಿದ್ದು. ಹೋಗಲು ಅವನಿಗೆ ಹೆದರಿಕೆ, ಬೇಡ ಎನ್ನಲೂ ಧೈರ್ಯವಿಲ್ಲ. ಅಷ್ಟರಲ್ಲಿ ನಮ್ಮೂರಲ್ಲೇ ಕ್ಯಾಸೆಟ್ ಮತ್ತು ರೆಕಾರ್ಡಿಂಗಿನವರ ಸಮಾವೇಶ ಎಂದಾಯಿತು. ಬೊಂಬಾಯಿಯ ಕಂಪೆನಿಯೊಂದು ಮಂಗಳೂರಿನಲ್ಲಿ ಸ್ಟುಡಿಯೋ ತೆರೆಯಲು ಜನ ಹುಡುಕುತ್ತಿದೆ, ಅದರ ಮ್ಯಾನೇಜರು ಬರುತ್ತಾರೆ ಎಂಬ ಸುದ್ದಿಯೂ ಬಂತು. ಆ ಕೆಲಸ ನಮಗೆ ಸಿಕ್ಕಿದರೆ ವೀಸಾ ವಾಪಸ್ ಎಂದ ಹಂಝ. ಅವನು ಹೋದರೆ ಅಂಗಡಿ ಅರ್ಧ ಸತ್ತ ಹಾಗೆ. ಅದಿರಲಿ, ಅವನಿಲ್ಲದ ಅಂಗಡಿಯ ಬಾಗಿಲು ತೆಗೆಯುವುದೇ ನನಗೆ ಬೇಡವಾಗಿತ್ತು.

ಈ ಸಮಾವೇಶಗಳ ಸುಖ ನನ್ನನ್ನು ಕೇಳಿ. ಎದೆಗೆ ಬ್ಯಾಡ್ಜ್ ಸಿಕ್ಕಿಸಿ ಪ್ರತಿನಿಧಿ ಎನ್ನುತ್ತಾರೆ. ಮುಖ್ಯ ಅತಿಥಿಗಳು ಐಸ್‌ಕ್ಯಾಂಡಿ ಹಿಡಿದ ಹಾಗೆ ಮೈಕ್ ಹಿಡಿದು ಬಾಯಿ ತೆರೆಯುತ್ತಾರೆ, ಮೈಕ್ ಕಿರುಚುತ್ತದೆ, ಇಡೀ ಸಭೆ ನನ್ನತ್ತ ತಿರುಗುತ್ತದೆ. ಸ್ವಲ್ಪ ನೋಡಿ ಮಾರಾಯ್ರೇ, ನಿಮಗೆ ಗೊತ್ತುಂಟಲ್ಲ ಎಂದು ಕರೆಯುತ್ತಾರೆ. ಬೆಂಗಳೂರಿಗೆ ಹೋದರೂ ಇದೇ ಹಣೆಬರಹ, ಮದ್ರಾಸಿಗೆ ಹೋದರೂ ಇದೇ. ಮಾತಾಡಲು ಹೋದವನು ಮೈಕ್ ಸರಿಮಾಡಿ, ಊಟ ಮಾಡಿ, ಬಸ್ಸು ಹತ್ತಿ ಬರುವುದು.

ಆ ಸಲ ಸಮಾವೇಶ ಪೇಟೆಯ ಒಂದು ಹೋಟೆಲಿನ ಹಾಲಿನಲ್ಲಿ. ಬೆಳಗ್ಗೆಯೆಲ್ಲ ಅದೇ ಸ್ವಾಗತ, ಹಾರ, ಭಾಷಣ. ನಮ್ಮ ರೆಕಾರ್ಡಿಂಗ್ ಕೇಳಿಸಲು ಸರದಿ ಬಂದದ್ದು ಊಟದ ನಂತರ. ಅರ್ಧ ಸಭೆ ತೂಕಡಿಸುತ್ತಿತ್ತು. ಪುಣ್ಯಕ್ಕೆ ಮ್ಯಾನೇಜರು ಎಚ್ಚರವಿದ್ದರು, ಮುಂದಿನ ಸಾಲಲ್ಲೇ ಕೂತಿದ್ದರು. ಹಂಝ ಟೇಪ್ ಜೋಡಿಸಿದ. ನಾನು ಗಂಟಲು ಸರಿಮಾಡಿಕೊಂಡು ಎರಡು ಮಾತಾಡಿದೆ. ಕರೆಂಟ್ ಹೋಯಿತು. ಹೋಟೆಲಿನ ಜನರೇಟರಿಗೆ ಡೀಸೆಲ್ ಇಲ್ಲವಂತೆ! ಸ್ವಲ್ಪ ಎಡ್ಜಸ್ಟ್ ಮಾಡಿ ಎಂದರು ಸಂಘಟಕರು. ಆ ಸೆಕೆಯಲ್ಲಿ ಕಾದೆವು, ಮತ್ತೂ ಕಾದೆವು. ಕೊನೆಗೆ ಮ್ಯಾನೇಜರು ವಾಚು ನೋಡಿ ಎದ್ದರು. ನನಗೆ ಅಳು ಬರುವಷ್ಟು ರೋಸಿಹೋಯಿತು. ಗೋಡೆಯಿಂದ ಪ್ಲಗ್ ಕಿತ್ತು ವಯರು ಸುತ್ತತೊಡಗಿದೆ.

ಆಗ ಸ್ಪೀಕರ್ ಮಾತಾಡಿತು.

ದನಿ ಹಂಝನದು. ಗಲ್ಫಿನಿಂದ ತಾಯಿಗೆ ಕ್ಯಾಸೆಟ್ ಕಳಿಸುವವರ ಹಾಗೆ ನಿಧಾನವಾಗಿ, ಬ್ಯಾರಿ ಭಾಷೆಯಲ್ಲಿ ಹೇಳಿತು: ಉಮ್ಮಾ, ನಾನು ಇಲ್ಲಿ ಆರಾಮ ಇದ್ದೇನೆ, ನೀವು ಬೇಜಾರು ಮಾಡಬೇಡಿ. ಅಷ್ಟೇ. ಹಿಂದೆ ಎಲ್ಲೋ ಫ್ಯಾನ್ ತಿರುಗುವ ಸದ್ದೂ ಇತ್ತು, ನಮ್ಮ ತಲೆಯ ಮೇಲಿನ ಫ್ಯಾನುಗಳು ನಿಂತೇ ಇದ್ದವು. ಹಂಝ ನನ್ನ ಪಕ್ಕದಲ್ಲಿ ಬಾಯಿ ಮುಚ್ಚಿ ನಿಂತಿದ್ದ. ಪ್ಲಗ್ ನನ್ನ ಕೈಯಲ್ಲಿತ್ತು.

ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು! ನಾವು ಏನೋ ಚಮತ್ಕಾರ ತೋರಿಸಿದೆವೆಂದು. ಮ್ಯಾನೇಜರು ಮಾತ್ರ ನಗಲಿಲ್ಲ. ಬ್ಯಾಟರಿಯ ಟೇಪನ್ನು ಒಳಗೆ ಅಡಗಿಸಿಟ್ಟು ಆಟ ಆಡುವವರ ಜತೆ ಕೆಲಸ ಮಾಡಲು ತಾವು ಬಂದಿಲ್ಲ ಎಂದರು. ನಾನು ಸ್ಪೀಕರ್ ಪೆಟ್ಟಿಗೆಯ ಹಿಂಬದಿ ಬಿಚ್ಚಿ ತೋರಿಸುತ್ತಿದ್ದರೆ ಅವರು ಆಗಲೇ ಬಾಗಿಲು ದಾಟಿದ್ದರು. ಇಷ್ಟು ವರ್ಷ ಪ್ರಾಮಾಣಿಕವಾಗಿ ದುಡಿದದ್ದಕ್ಕೆ ಸಿಕ್ಕಿದ ಬಿರುದು, ಮೋಸಗಾರ.

ಹಂಝ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ಪಣಂಬೂರು ಬಂದರಿನ ಹಡಗುಗಳ ವಯರ್‌ಲೆಸ್ಸೇ ನಮ್ಮ ವಯರಿಗೆ ಸಿಕ್ಕಿರಬೇಕು ಎಂದು ನಾನು ವಾದಿಸುತ್ತಲೇ ಇದ್ದೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

"ನನ್ನ ಸ್ವರವೇ ಅಲ್ವಾ ಶೆಟ್ರೇ ಅದು?"

ಹೌದೆಂದೆ.

"ಹಾಗಾದ್ರೆ ಅಲ್ಲಿ ನಾನು ಆರಾಮ ಇದ್ದೇನೆ. ಮತ್ತೆ ಎಂತ ಹೆದರಿಕೆ? ಹೋಗ್ತೇನೆ."

"ಕರೆಂಟಿಲ್ಲದ ಸ್ಪೀಕರ್ ಹೇಳಿದ್ದನ್ನು ನಂಬಿ ಹೋಗ್ತೀಯಾ? ನಿನಗೆ ತಲೆ ಸರಿ ಉಂಟಾ ಮಾರಾಯ?"

ಅವನು ನಕ್ಕ. ಎಷ್ಟೋ ದಿನಗಳ ನಂತರ ಅವನ ಮುಖ ಹಗುರವಾದದ್ದು ಆಗಲೇ. ಅದನ್ನು ಕಂಡು ನನಗೆ ಇನ್ನಷ್ಟು ಉರಿಯಿತು. ತಿಂಗಳೊಳಗೆ ಹೊರಟುಹೋದ.

ಅದೇ ಪೆಟ್ಟಿಗೆ, ಅದೇ ವಯರು ಇಟ್ಟುಕೊಂಡು ನಾನು ಎಷ್ಟು ಸಲ ಪರೀಕ್ಷೆ ಮಾಡಿದೆನೋ ಲೆಕ್ಕವಿಲ್ಲ. ಬಂದರಿನ ಬೇಲಿಯ ಹತ್ತಿರಕ್ಕೂ ಹೊತ್ತುಕೊಂಡು ಹೋದೆ. ಗುಂಯ್ ಎಂಬ ಸದ್ದೂ ಬರಲಿಲ್ಲ. ವಯರ್‌ಲೆಸ್ಸೇ ಎಂದಿಟ್ಟುಕೊಂಡರೂ, ಇನ್ನೂ ಹೋಗದವನ ದನಿ ಅದಕ್ಕೆಲ್ಲಿಂದ ಸಿಗಬೇಕು?

ಹಂಝನ ಕ್ಯಾಸೆಟ್ ಬಂದಾಗಲೆಲ್ಲ ಅವನ ಉಮ್ಮ ಅಂಗಡಿಗೆ ತಂದು, ನೀನೂ ಕೇಳು ಎಂದು ನನ್ನನ್ನು ಕೂರಿಸುತ್ತಿದ್ದರು. ಆ ಒಂದು ಮಾತಿಗಾಗಿ ನಾನು ಕಿವಿಗೊಟ್ಟು ಕಾಯುತ್ತಿದ್ದೆ. ಅವನು ಉಮ್ಮನ ಮಂಡಿನೋವು ಕೇಳುತ್ತಿದ್ದ, ತಂಗಿಯ ಮದುವೆ ಕೇಳುತ್ತಿದ್ದ, ನನ್ನನ್ನೂ ಕೇಳುತ್ತಿದ್ದ. ಅಲ್ಲಿನ ಬಿಸಿಲು, ಒಂದೇ ಕೋಣೆಯಲ್ಲಿ ಮಲಗುವ ಅಷ್ಟು ಜನ, ಎಲ್ಲ ಹೇಳುತ್ತಿದ್ದ.

ಒಂದು ದಿನ ಕ್ಯಾಸೆಟ್ಟಿನ ಒಂದು ಬದಿ ಮುಗಿದಾಗ ಉಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು, "ಆರಾಮ ಇದ್ದೇನೆ ಅಂತ ಇವ ಒಂದು ಸಲವೂ ಹೇಳುವುದಿಲ್ಲ ಅಲ್ವಾ ಮಗಾ?"

ಹೇಳಿದ್ದಾನೆ, ನಾನೇ ಕೇಳಿದ್ದೇನೆ ಎಂಬ ಮಾತು ನಾಲಗೆಯ ತುದಿವರೆಗೂ ಬಂತು. ಯಾವಾಗ, ಎಲ್ಲಿಂದ ಎಂದರೆ ಆ ತಾಯಿಗೆ ಏನು ಉತ್ತರ ಕೊಡಲಿ? ಕ್ಯಾಸೆಟ್ ತಿರುಗಿಸಿ ಇನ್ನೊಂದು ಬದಿ ಹಾಕಿದೆ.