ಸೋರದ ಪಿಕಪ್ಪು

ವಾಹನಗಳ ವಿಷಯದಲ್ಲಿ ನನಗೆ ಗೊತ್ತಿರುವುದು ಇಷ್ಟೇ: ಸೈಕಲ್ಲಿಗೆ ಎರಡು ಚಕ್ರ, ಉಳಿದವಕ್ಕೆ ಅದಕ್ಕಿಂತ ಹೆಚ್ಚು. ಇಷ್ಟು ವಿದ್ಯೆಯ ಬಲದ ಮೇಲೆ ನಾನು ಒಬ್ಬರಿಗೆ ಮೀನು ಸಾಗಿಸುವ ಗಾಡಿ ಆರಿಸಿಕೊಡಲು ಹೋದೆ. ನಾನು ಬಲ್ಮಠದ ಶಾಲೆಯೊಂದರಲ್ಲಿ ಕನ್ನಡ ಪಂಡಿತ. ಪೂಜೆ ಮಾಡುವವರ ಮನೆಯವನು. ಹುಟ್ಟಿದಂದಿನಿಂದ ಮೀನು ಮುಟ್ಟಿದವನಲ್ಲ.

ಕರೆದವನು ಹೊಳೆಯಾಚೆಯ ಬೆಂಗ್ರೆಯ ವಾಮನ. ಒಂದನೇ ಕ್ಲಾಸಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವನಿಗೆ ಮೀನನ್ನು ಮೂಡಬಿದ್ರೆಗೆ ಸಾಗಿಸಬೇಕು, ಬಸ್ಸಿನವರೋ ಬುಟ್ಟಿ ಕಂಡ ಕೂಡಲೇ ರೈಟ್ ಹೇಳಿಬಿಡುತ್ತಾರೆ. ಲಾರಿ ದೊಡ್ಡದಾಯಿತು, ಕಾರು ಚಿಕ್ಕದಾಯಿತು. ಬೇಕಾದದ್ದು ಮುಂದೆ ಕಾರು, ಹಿಂದೆ ಲಾರಿ ಆಗಿರುವ ನಡುಗಾತ್ರದ ಪಿಕಪ್ಪು. ಇದು ದ್ವಂದ್ವ ಸಮಾಸವೋ, ಉತ್ತರಪದದ ಅರ್ಥವೇ ಮುಖ್ಯವಾದ್ದರಿಂದ ತತ್ಪುರುಷವೋ ಎಂದು ನಾನು ಯೋಚಿಸುತ್ತಿದ್ದಾಗ ವಾಮನ, ಹೆಸರು ಆಮೇಲೆ ಇಡುವ, ಮೊದಲು ಹುಟ್ಟಲಿ ಎಂದ.

ಅವನ ತಾಯಿಯದು ಒಂದೇ ಷರತ್ತು. ಗಾಡಿ ಯಾವ ಬಣ್ಣದ್ದಾದರೂ ಆದೀತು, ಆದರೆ ಸೋರಬಾರದು. ವಾಮನನ ತಂದೆಯ ದೋಣಿ ಅಡಿಯಲ್ಲಿ ಸ್ವಲ್ಪ ಸೋರುತ್ತಿತ್ತಂತೆ. ನಾಳೆ ನೋಡುವ ಎಂದು ಕಡಲಿಗೆ ಇಳಿದವರು ಮರಳಲೇ ಇಲ್ಲ. ಆ ಮುದುಕಿಯ ಎದುರು ದೋಣಿ ಬೇರೆ, ಗಾಡಿ ಬೇರೆ ಎಂದು ವಾದಿಸುವ ಧೈರ್ಯ ನನಗಿರಲಿಲ್ಲ. ನಿಜ ಹೇಳಬೇಕೆಂದರೆ, ಗಾಡಿ ಸೋರಬಾರದೆಂಬುದು ನನಗೂ ಸರಿಯಾಗಿಯೇ ಕಂಡಿತು. ಆಚೆ ದಡದ ಉಳ್ಳಾಲಕ್ಕೆ ಹೋಗಲೂ ದೋಣಿ ಹತ್ತಬೇಕಾದ ನಮ್ಮ ಊರಿನಲ್ಲಿ ದೋಣಿಯ ಪರೀಕ್ಷೆ ಎಲ್ಲರಿಗೂ ಗೊತ್ತು. ಗಾಡಿಯ ಪರೀಕ್ಷೆ ಬೇರೆ ಉಂಟೆಂದು ನಮಗೆ ಹೇಳಿಕೊಟ್ಟವರಿಲ್ಲ.

ಮೊದಲು ನೋಡಿದ ಪಿಕಪ್ಪಿನ ಹಿಂಭಾಗಕ್ಕೆ ಹನ್ನೆರಡು ಕೊಡ ನೀರು ಹೊಯ್ದೆವು. ಹಲಗೆಗಳ ಸಂದಿಯಿಂದ ಎಲ್ಲವೂ ಇಳಿದುಹೋಯಿತು. ಗಾಡಿಯ ಯಜಮಾನ ನಮ್ಮನ್ನು ನೋಡಿದ ನೋಟವನ್ನು ನಾನು ಇಲ್ಲಿ ವರ್ಣಿಸುವುದಿಲ್ಲ. ಎರಡನೆಯದೂ ಹಾಗೆಯೇ. ಮೂರನೆಯದು ಬೇಕರಿ ನಡೆಸುವ ಲಾಜರಸ್ ಪೊರ್ಬುಗಳದು. ರೊಟ್ಟಿ ಒದ್ದೆಯಾಗದಂತೆ ಅವರು ಒಳಗೆಲ್ಲ ತಗಡು ಹೊಡೆಸಿ ಬೆಸುಗೆ ಹಾಕಿಸಿದ್ದರು. ನೀರು ತುಂಬಿ, ನೀರಿನ ಮಟ್ಟಕ್ಕೆ ನಾನು ಶಾಲೆಯ ಸೀಮೆಸುಣ್ಣದಿಂದ ಗೆರೆ ಎಳೆದೆ. ಮರುದಿನ ಬೆಳಿಗ್ಗೆ ನೋಡಿದರೆ ನೀರು ಗೆರೆ ಬಿಟ್ಟು ಕದಲಿರಲಿಲ್ಲ. ವಾಮನ ನನ್ನ ಕೈ ಕುಲುಕಿದ. ಇಂಜಿನ್ನನ್ನೂ ಒಮ್ಮೆ ನೋಡುವುದಿಲ್ಲವೇ ಎಂದು ಪೊರ್ಬುಗಳೇ ಸಂಕೋಚದಿಂದ ಕೇಳಬೇಕಾಯಿತು.

ಮೊದಲ ಪ್ರಯಾಣದ ದಿನ ಬಂದರಿನಲ್ಲಿ ಐಸು ಹಾಕಿದ ಬುಟ್ಟಿಗಳನ್ನು ಏರಿಸಿದ ಮೇಲೆ ಗಾಡಿಪೂಜೆ. ಪೂಜೆ ನನ್ನದೇ. ಮಂತ್ರ ಮೊಟಕು ಮಾಡಲು ನನಗೆ ಮನಸ್ಸು ಬರಲಿಲ್ಲ, ಬಿಸಿಲು ನನಗಾಗಿ ಕಾಯಲಿಲ್ಲ. ಹೊರಡುವಾಗ ಐಸೆಲ್ಲ ನೀರಾಗಿ ಗಾಡಿಯಲ್ಲೇ ನಿಂತಿತ್ತು. ನಾವು ಅಷ್ಟು ಚೆನ್ನಾಗಿ ಪರೀಕ್ಷಿಸಿ ತಂದ ಗಾಡಿ ಅದು. ನಾನು ಅಭಿಮಾನದಿಂದ ಹಿಂದೆಯೇ ಸೈಕಲ್ ತುಳಿದೆ. ಬಲ್ಮಠದ ಏರಿನಲ್ಲಿ ಗಾಡಿ ಮೂತಿ ಎತ್ತಿತು. ಒಳಗಿನ ಹೊಳೆಯೆಲ್ಲ ಹಿಂದಕ್ಕೆ ನುಗ್ಗಿ, ಹಿಂಬಾಗಿಲಿನ ಹಲಗೆ ಹಾರಿ, ನನ್ನ ತಲೆಯ ಮೇಲೆ ಇಳಿಯಿತು. ನನ್ನ ವಿದ್ಯಾರ್ಥಿಗಳು ನೋಡುತ್ತಿದ್ದಂತೆ ಅಂಗಿಯ ಜೇಬಿನಿಂದ ಒಂದು ಬೂತಾಯಿ ಮೀನು ತಲೆ ಹೊರಹಾಕಿತು. ಮನೆಗೆ ಬಂದರೆ ಹೆಂಡತಿ ಬಾವಿಕಟ್ಟೆಯ ಕಡೆ ಬೆರಳು ತೋರಿಸಿ ಬಾಗಿಲು ಹಾಕಿಕೊಂಡಳು.

ನೀರು ಇಳಿಯಲು ಗಾಡಿಯ ತಳಕ್ಕೆ ಒಂದು ತೂತು ಮಾಡಿದರೆ ಮುಗಿಯಿತು ಎಂದು ಊರೆಲ್ಲ ಹೇಳಿತು. ವಾಮನ ಉಳಿ, ಸುತ್ತಿಗೆ ಹಿಡಿದು ಗಾಡಿ ಹತ್ತಿದ, ಸುಮ್ಮನೆ ಕೂತ, ಇಳಿದ. ಎರಡು ದಿನ ಇದೇ ಆಯಿತು. ಬಂದರಿನಲ್ಲಿ ಜನ ನಗುತ್ತಿದ್ದರು, ಮೀನು ಕೆಡುತ್ತಿತ್ತು.

"ನನ್ನ ಕೈಯಿಂದ ಆಗುದಿಲ್ಲ ಭಟ್ರೆ," ಎಂದ. "ತೂತು ಮುಚ್ಚಿಯೇ ಗೊತ್ತು ನಮಗೆ."

ನನಗೆ ನಗು ಬರಲಿಲ್ಲ. ಅವನು ಉಳಿಯನ್ನು ನನ್ನ ಕೈಗಿಟ್ಟ. ಆದರೆ ಆ ತಾಯಿಯನ್ನು ಕೇಳದೆ ಹೊಡೆಯಲು ನನ್ನಿಂದಲೂ ಆಗಲಿಲ್ಲ.

ಮೂರನೆಯ ದಿನ ಆಕೆಯೇ ದೋಣಿಯಲ್ಲಿ ಹೊಳೆ ದಾಟಿ ಬಂದರು. ಗಾಡಿಯನ್ನು ಒಂದು ಸುತ್ತು ಬಂದು, ನೆಲಕ್ಕೆ ಕೈಯೂರಿ, ಬಗ್ಗಿ ಅಡಿಯನ್ನು ಬಹಳ ಹೊತ್ತು ನೋಡಿದರು.

"ಇದರ ಅಡಿಯಲ್ಲಿ ನೆಲ ಉಂಟಲ್ಲ ಭಟ್ರೆ?"

"ಉಂಟು."

"ಯಾವಾಗಲೂ ಇರ್ತದಾ?"

ವ್ಯಾಕರಣ ಬಿಟ್ಟು ಬೇರೆ ಯಾವುದಕ್ಕೂ ನಾನು ಅಷ್ಟು ಖಂಡಿತವಾಗಿ ಉತ್ತರ ಕೊಟ್ಟವನಲ್ಲ. ಇರ್ತದೆ ಎಂದೆ.

"ಹಾಗಾದ್ರೆ ಹೊಡೀರಿ," ಎಂದು ಆಕೆ ಮುಖವನ್ನು ಕಡಲಿನ ಕಡೆಗೆ ತಿರುಗಿಸಿಕೊಂಡರು.

ಹೀಗೆ ಆ ಗಾಡಿಯಲ್ಲಿ ನಾನು ಸರಿಯಾಗಿ ಆರಿಸಿದ್ದು ತೂತಿನ ಜಾಗ ಒಂದನ್ನೇ. ಈಗ ವ್ಯಾಪಾರ ಚೆನ್ನಾಗಿ ನಡೆದಿದೆ. ದಿನವೂ ಸಂಜೆ ಗಾಡಿಯನ್ನು ಬಂದರಿನಲ್ಲಿ ನಿಲ್ಲಿಸಿ ಬೆಂಗ್ರೆಗೆ ದಾಟುವ ಮೊದಲು ವಾಮನ ಆ ತೂತಿಗೆ ತೆಂಗಿನ ನಾರು ತುರುಕುತ್ತಾನೆ, ಬೆಳಿಗ್ಗೆ ತೆಗೆಯುತ್ತಾನೆ. ಕೇಳಿದರೆ, ಅಮ್ಮನಿಗೆ ನಿದ್ರೆ ಬರಬೇಕಲ್ಲ ಎನ್ನುತ್ತಾನೆ. ಅವನು ಪರವೂರಿಗೆ ಹೋದ ದಿನ ನಾರು ತುರುಕುವ ಕೆಲಸ ನನ್ನದು. ಮಾಡಿ ಮುಗಿಸಿ, ಯಾರೂ ಕಾಣದಂತೆ ಒಮ್ಮೆ ಬಗ್ಗಿ, ಅಡಿಯಲ್ಲಿ ನೆಲ ಉಂಟೋ ಎಂದು ನೋಡಿಕೊಂಡೇ ಮನೆಗೆ ಬರುತ್ತೇನೆ.